ಹನ್ನೆರಡು ಸಾವಿರ ಕುದುರೆಗಳ ಲಗಾಮು ಹಿಡಿದವನಿಗೆ ಹತ್ತು ನಿಮಿಷದ ಬಿಡುವಿಲ್ಲವೇ?



“ಈಗಿನ ಇಂಜಿನುಗಳಲ್ಲಿ ಡ್ರೈವರನಿಗೆ ಏನು ಕೆಲಸ? ಗುಂಡಿ ಒತ್ತಿದರೆ ಓಡುತ್ತದೆ, ಗುಂಡಿ ಒತ್ತಿದರೆ ನಿಲ್ಲುತ್ತದೆ. ಕಿಟಕಿಯಿಂದ ಊರು ನೋಡುತ್ತ ಕೂರುವ ಕೆಲಸಕ್ಕೆ ಇಷ್ಟು ಸಂಬಳ. ಸಾಲದ್ದಕ್ಕೆ ವಿಶ್ರಾಂತಿ ಬೇಕೆಂದು ಗಲಾಟೆ ಬೇರೆ!”

ಈ ಮಾತನ್ನು ಕೋಪರಖೈರಣೆಯ ಹೋಟೆಲುಗಳಲ್ಲಿ ಚಹಾ ಕುಡಿಯುತ್ತ ಕುಳಿತ ಮಹನೀಯರು ಆಡುವುದುಂಟು. ದುಃಖದ ಸಂಗತಿಯೆಂದರೆ, ಅದೇ ಮೇಜನ್ನು ಒರೆಸುವ ನಮ್ಮವರೂ ಒಮ್ಮೊಮ್ಮೆ ಅದಕ್ಕೆ ತಲೆಯಾಡಿಸುತ್ತಾರೆ. ಆ ಮಹನೀಯರ ಮನಸ್ಸು ತಿರುಗಿಸುವ ಆಸೆ ನನಗಿಲ್ಲ. ತಲೆಯಾಡಿಸಿದ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೋಟೆಲಿನವನಿಗೂ ಮಾಲುಗಾಡಿಯ ಇಂಜಿನಿಗೂ ಏನು ಸಂಬಂಧ ಎಂದು ಕೇಳುವವರು ಒಂದು ಸಲ ಊರ ಮೂಡಣ ದಿಕ್ಕಿಗೆ ನೋಡಲಿ. ಅಲ್ಲಿ ಪಾರಸಿಕ್ ಗುಡ್ಡವಿದೆ. ಗುಡ್ಡದ ಈಚೆ ಠಾಣೆ–ವಾಶಿಯ ಲೋಕಲ್ ಗಾಡಿ. 2004ರಿಂದ ನಾವು ಅದರಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದೇವೆ. ಗುಡ್ಡದ ಆಚೆ ದಿವಾ–ಪನವೇಲ್ ಹಳಿ. ನಾವು ಮಲಗಿದಾಗಲೂ ಆ ಹಳಿಯ ಮೇಲೆ ಮಾಲುಗಾಡಿಗಳು ಓಡುತ್ತಿರುತ್ತವೆ. 1989ರಲ್ಲಿ ಶುರುವಾದ ನ್ಹಾವಾ ಶೇವಾ ಬಂದರಿನ ಕಂಟೇನರುಗಳು, ಕಳಂಬೋಲಿಯ ಉಕ್ಕು, ಎಲ್ಲವೂ ಅದರಲ್ಲೇ. ನಾವು ಹಿಟ್ಟು ರುಬ್ಬುವ ಗ್ರೈಂಡರು ತಿರುಗುವುದು ಕರೆಂಟಿನಿಂದ. ದೇಶದ ಕರೆಂಟಿನ ಬಹುಪಾಲು ಕಲ್ಲಿದ್ದಲಿನಿಂದ. ಆ ಕಲ್ಲಿದ್ದಲನ್ನು ಹೊರುವುದು ಮುಖ್ಯವಾಗಿ ಮಾಲುಗಾಡಿ. 2024-25ರಲ್ಲಿ ನಮ್ಮ ರೈಲ್ವೇ ಹೊತ್ತ ಮಾಲು 160 ಕೋಟಿ ಟನ್ನು ದಾಟಿತು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಕಲ್ಲಿದ್ದಲೇ.

ರೈಲ್ವೇಯ ಆದಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾಲು ಸಾಗಣೆಯದು. ನಮ್ಮ ನಿಮ್ಮ ಟಿಕೇಟು ಅಗ್ಗವಾಗಿರುವುದು ಆ ಗಳಿಕೆಯ ಬಲದಿಂದ. ಹಾಗಿದ್ದೂ ಹಳಿಯ ಮೇಲೆ ಮಾಲುಗಾಡಿಗೆ ಕೊನೆಯ ಮರ್ಯಾದೆ. ಎಕ್ಸ್‌ಪ್ರೆಸ್ ಬಂತೆಂದರೆ ಪಕ್ಕಕ್ಕೆ ಸರಿ, ಲೋಕಲ್ ಬಂತೆಂದರೆ ಪಕ್ಕಕ್ಕೆ ಸರಿ. ಲೂಪ್ ಲೈನಿನಲ್ಲಿ ನಿಂತು ನಿಂತು, ಅದರ ಸರಾಸರಿ ವೇಗ ಗಂಟೆಗೆ 25 ಕಿಲೋಮೀಟರಿನ ಆಸುಪಾಸಿನಲ್ಲೇ ಉಳಿದಿದೆ. ದುಡಿದು ಮನೆ ನಡೆಸುವ ಹಿರಿಮಗನಿಗೆ ಊಟದಲ್ಲಿ ಕೊನೆಯ ಪಂಕ್ತಿ ಎಂಬಂತಾಗಿದೆ ಅದರ ಸ್ಥಿತಿ. ಗಾಡಿ ಕಾಯುವ ಅಷ್ಟು ಹೊತ್ತೂ ಒಳಗೆ ಇಬ್ಬರು ಮನುಷ್ಯರು ಕಾಯುತ್ತಿರುತ್ತಾರೆ ಎಂಬುದನ್ನು ಮರೆಯಬೇಡಿ.

ಇನ್ನು ‘ಗುಂಡಿ ಒತ್ತುವ’ ಕೆಲಸದ ವಿಚಾರಕ್ಕೆ ಬರೋಣ.

ಕಲ್ಯಾಣದ ಕಡೆಗೆ ಹೋದರೆ ಮಾಲುಗಾಡಿಯ ಇಂಜಿನುಗಳನ್ನು ಕಣ್ಣಾರೆ ನೋಡಬಹುದು. ಡಬ್ಲ್ಯು.ಎ.ಜಿ. 7 ಎಂಬುದು 5,000 ಅಶ್ವಶಕ್ತಿಯದು, ತೂಕ 123 ಟನ್ನು. ಡಬ್ಲ್ಯು.ಎ.ಜಿ. 9 ಎಂಬುದು 6,000 ಅಶ್ವಶಕ್ತಿಗೂ ಮೇಲ್ಪಟ್ಟದ್ದು. ಬಿಹಾರದ ಮಧೇಪುರದಲ್ಲಿ ಕಟ್ಟಿದ ಡಬ್ಲ್ಯು.ಎ.ಜಿ. 12 ಎಂಬ ಜೋಡಿ ಇಂಜಿನು 2020ರಲ್ಲಿ ಹಳಿಗೆ ಇಳಿಯಿತು. ಅದರದು 12,000 ಅಶ್ವಶಕ್ತಿ, 180 ಟನ್ನು ತೂಕ. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟು. ಹಿಂದೆ ಕಲ್ಲಿದ್ದಲು ತುಂಬಿದ 58 ವ್ಯಾಗನುಗಳು. ಉದ್ದ ಆರುನೂರು ಮೀಟರಿಗೂ ಹೆಚ್ಚು, ಭಾರ ಸುಮಾರು 4,700 ಟನ್ನು. ನಮ್ಮ ಉಗ್ರಾಣದ ಲೆಕ್ಕದಲ್ಲಿ ಹೇಳುವುದಾದರೆ ಐವತ್ತು ಕಿಲೋ ಅಕ್ಕಿಯ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಮೂಟೆಗಳು. ಅಷ್ಟನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿ ಇಬ್ಬರ ಕೈಗೆ ಕೊಟ್ಟಿದ್ದಾರೆ.

ವಾಡಿ ಕಡೆಯ ಡ್ರೈವರರೊಬ್ಬರು ನಮ್ಮಲ್ಲಿ ಊಟಕ್ಕೆ ಬಂದಾಗ ನಾನು ಅವರ ಕೆಲಸದ ಬಗ್ಗೆ ಕೇಳಿದ್ದೆ. ಅವರು ನಕ್ಕು, “ನೋಡ್ರಿ ಅಣ್ಣಾರ, ಗಾಡಿ ಎಳೆಯೋದು ಇಂಜಿನ್ ಕೆಲಸರಿ, ನಿಂದರಸೋದು ನಮ್ಮ ಕೆಲಸ” ಎಂದರು. ಆ ಒಂದು ಮಾತಿನಲ್ಲಿ ಇಡೀ ವಿದ್ಯೆಯೇ ಇದೆ.

ಮಾಲುಗಾಡಿಯ ಬ್ರೇಕು ಗಾಳಿಯ ಬಲದಿಂದ ನಡೆಯುವಂಥದು. ಇಂಜಿನಿನಿಂದ ಕೊನೆಯ ವ್ಯಾಗನಿನವರೆಗೆ ಒಂದು ಕೊಳವೆ. ಅದರಲ್ಲಿ 5 ಕಿಲೋ ಒತ್ತಡದ ಗಾಳಿ ತುಂಬಿರಬೇಕು. ಡ್ರೈವರು ಹಿಡಿಯನ್ನು ತಿರುಗಿಸಿ ಗಾಳಿ ಬಿಟ್ಟಾಗ ಒತ್ತಡ ಇಳಿದು ಬ್ರೇಕು ಹಿಡಿಯುತ್ತದೆ. ಆದರೆ ಮುಂದಿನ ವ್ಯಾಗನಿಗೆ ಮುಟ್ಟಿದ ಸುದ್ದಿ ಹಿಂದಿನದಕ್ಕೆ ಮುಟ್ಟಲು ಹೊತ್ತು ಬೇಕು. ಅಷ್ಟರಲ್ಲಿ ಮುಂದಿನವು ತಡೆದಿರುತ್ತವೆ, ಹಿಂದಿನವು ದೂಡುತ್ತಿರುತ್ತವೆ. ಕೈ ತುಸು ಒರಟಾದರೆ ನಡುವಿನ ಕೊಂಡಿ ಮುರಿದು ಗಾಡಿ ಎರಡು ತುಂಡಾಗಬಹುದು. ಒಮ್ಮೆ ಬಿಟ್ಟ ಗಾಳಿ ಮತ್ತೆ ತುಂಬಲು ಸಮಯ ಹಿಡಿಯುತ್ತದೆ. ಇಳಿಜಾರಿನಲ್ಲಿ ಗಾಬರಿಯಿಂದ ಮತ್ತೆ ಮತ್ತೆ ಬಿಟ್ಟರೆ ಬೇಕಾದಾಗ ಗಾಳಿಯೇ ಇರುವುದಿಲ್ಲ. ಆದ್ದರಿಂದ ಎಲ್ಲಿ ನಿಲ್ಲಬೇಕೋ ಅದಕ್ಕಿಂತ ಕಿಲೋಮೀಟರು ಮೊದಲೇ ಡ್ರೈವರನ ಮನಸ್ಸು ನಿಲ್ಲಲು ಆರಂಭಿಸಿರಬೇಕು. ಹಳಿ ಒದ್ದೆಯೋ ಒಣಗಿದೆಯೋ, ಇಳಿಜಾರೆಷ್ಟು, ಇವತ್ತಿನ ಭಾರವೆಷ್ಟು, ನಿನ್ನೆಯ ಇಂಜಿನಿನಂತೆ ಇದೂ ಮಾತು ಕೇಳುತ್ತದೆಯೋ ಇಲ್ಲವೋ — ಈ ಲೆಕ್ಕವೆಲ್ಲ ತಲೆಯೊಳಗೆ ನಡೆಯಬೇಕು.

ಹೊರಡುವುದೂ ಸುಲಭವಲ್ಲ. ಮುಂಬಯಿ ಮಳೆಯಲ್ಲಿ ಹಳಿ ಎಣ್ಣೆ ಹಚ್ಚಿದ ದೋಸೆಕಲ್ಲಿನಂತೆ ಆಗಿರುತ್ತದೆ. ಹೆಚ್ಚು ಬಲ ಕೊಟ್ಟರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಕಡಿಮೆ ಕೊಟ್ಟರೆ ಗಾಡಿ ಕದಲುವುದಿಲ್ಲ. ಚಕ್ರದ ಕೆಳಗೆ ಮರಳು ಬಿಟ್ಟು ಮೆಲ್ಲನೆ ಎಬ್ಬಿಸಬೇಕು. ಹಳೆಯ ಇಂಜಿನಿನಲ್ಲಿ ಮೀಟರಿನ ಮುಳ್ಳು ನೋಡುತ್ತ ಒಂದೊಂದೇ ಮೆಟ್ಟಿಲು ಏರಿಸಬೇಕು. ಅಂಥ ಮೆಟ್ಟಿಲುಗಳು 32. ಹೊಸದರಲ್ಲಿ ಗಣಕಯಂತ್ರ ಕೈಗೂಡುತ್ತದೆ, ನಿಜ. ಆದರೂ ತಂತಿಯಲ್ಲಿ ವಿದ್ಯುತ್ತೇ ಇಲ್ಲದ ತುಂಡುಗಳು ನಡುನಡುವೆ ಬರುತ್ತವೆ. ಅಲ್ಲಿ ಸ್ವಿಚ್ಚು ತೆಗೆದು ಓಡಿದ ರಭಸದಲ್ಲೇ ದಾಟಬೇಕು. ರಭಸ ಸಾಲದೆ ಆ ತುಂಡಿನ ಕೆಳಗೆ ನಿಂತುಬಿಟ್ಟರೆ ಹನ್ನೆರಡು ಸಾವಿರ ಕುದುರೆಗಳೂ ಸತ್ತಂತೆಯೇ.

ಘಾಟಿಗಳನ್ನು ನೆನೆಯಿರಿ. ಕರ್ಜತಿನಿಂದ ಲೋಣಾವಳೆಗೆ ಹೋಗುವ ಭೋರ್ ಘಾಟು 1863ರಲ್ಲಿ ತೆರೆದದ್ದು. 37 ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಏರಬೇಕು. ಇಂದಿಗೂ ಅಲ್ಲಿ ಹಿಂದಿನಿಂದ ದೂಡಲು ಬೇರೆ ಇಂಜಿನುಗಳು ಬೇಕು. ಇಳಿಯುವಾಗ ಅಂಕೆ ತಪ್ಪಿದ ಗಾಡಿಯನ್ನು ಹಿಡಿಯಲು ಏರಿಗೆ ಹೋಗುವ ಪ್ರತ್ಯೇಕ ಕವಲು ಹಳಿಗಳನ್ನೇ ಕಟ್ಟಿಟ್ಟಿದ್ದಾರೆ. ನಮ್ಮ ನಾಡಿನ ಕ್ಯಾಸಲ್ ರಾಕಿನಿಂದ ಗೋವೆಯ ಕುಳೆಂಗೆ ಇಳಿಯುವ ಘಾಟಿಯದೂ ಅದೇ ಕಡಿದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವಲ್ಲಿ 50ಕ್ಕೆ ಒಂದು, ಜೊತೆಗೆ 57 ಸುರಂಗಗಳು. ಊರಿಗೆ ಹೋಗುವಾಗ ನಾವು ಅಲ್ಲಿ ಜಲಪಾತ ನೋಡಿ ಮಕ್ಕಳನ್ನು ಎಬ್ಬಿಸುತ್ತೇವೆ. ಅದೇ ದಾರಿಯಲ್ಲಿ ಭಾರದ ಗಾಡಿ ಇಳಿಸುವವನಿಗೆ ಕಣ್ಣು ಮಿಟುಕಿಸಲೂ ಪುರುಸೊತ್ತಿಲ್ಲ.

ಪುರುಸೊತ್ತಿಲ್ಲ ಎಂಬುದನ್ನು ನಾನು ಅಲಂಕಾರಕ್ಕೆ ಹೇಳಿದ್ದಲ್ಲ. ಇಂಜಿನಿನಲ್ಲಿ ಎಚ್ಚರ ಕಾಯುವ ಒಂದು ಯಂತ್ರವಿದೆ. ಒಂದು ನಿಮಿಷ ಡ್ರೈವರನ ಕೈ ಯಾವುದನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ. ಆಗಲೂ ಗುಂಡಿ ಒತ್ತದಿದ್ದರೆ ಕರೆಗಂಟೆ ಕಿರುಚುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಬ್ರೇಕು ಬೀಳುತ್ತದೆ. ‘ಗುಂಡಿ ಒತ್ತುವ ಕೆಲಸ’ ಎಂದಿರಲ್ಲ, ಇದೇ ಆ ಗುಂಡಿ. ರಾತ್ರಿಯಿಡೀ ನಿಮಿಷಕ್ಕೊಮ್ಮೆ ನಿಮ್ಮನ್ನು ಯಾರಾದರೂ ತಿವಿದು “ಎಚ್ಚರವಿದ್ದೀಯಾ?” ಎಂದು ಕೇಳಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಇಷ್ಟು ಎಚ್ಚರವಿದ್ದರೂ ಕೆಲವೊಮ್ಮೆ ಏನೂ ಮಾಡುವಂತಿಲ್ಲ. 2020ರ ಮೇ 8ರ ಬೆಳಗಿನ ಜಾವ, ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರು ಔರಂಗಾಬಾದ್ ಜಿಲ್ಲೆಯ ಕರ್ಮಾಡಿನ ಬಳಿ ಹಳಿಯ ಮೇಲೆ ನಿದ್ದೆ ಹೋಗಿದ್ದರು. ಬಂದದ್ದು ಮಾಲುಗಾಡಿ. ಡ್ರೈವರು ಅವರನ್ನು ಕಂಡ, ನಿಲ್ಲಿಸಲು ಯತ್ನಿಸಿದ, ಗಾಡಿ ನಿಲ್ಲಲಿಲ್ಲ. ಹದಿನಾರು ಜನ ಸತ್ತರು. ಸತ್ತವರೂ ಕಾರ್ಮಿಕರು, ಹಿಡಿಯ ಮೇಲೆ ಕೈಯಿಟ್ಟು ನೋಡುತ್ತ ಕೂತವನೂ ಕಾರ್ಮಿಕ. ತಂಪು ಗಾಳಿಯಲ್ಲಿ ಊರು ನೋಡುವ ಕೆಲಸವಂತೆ!

ಈ ಕೆಲಸ ಮಾಡುವವನಿಗೆ ರೈಲ್ವೇ ಕೊಟ್ಟಿರುವುದೇನು? ಡ್ರೈವರನನ್ನು ‘ಲೋಕೋ ಪೈಲಟ್’ ಎಂದು ಕರೆದರು. ನಮ್ಮಲ್ಲಿ ಮಾಣಿಯನ್ನು ಸಪ್ಲಾಯರ್ ಎಂದು, ಸಪ್ಲಾಯರನನ್ನು ವೇಟರ್ ಎಂದು ಕರೆದಂತೆಯೇ ಇದು. ವಿಮಾನದ ಪೈಲಟನಿಗೆ ವಾರಕ್ಕೊಮ್ಮೆ ಎಡೆಬಿಡದ 48 ಗಂಟೆಗಳ ವಿಶ್ರಾಂತಿ ಇರಬೇಕೆಂಬ ನಿಯಮ 2025ರ ಜುಲೈಯಿಂದ ಜಾರಿಗೆ ಬಂತು. ಅದು ನ್ಯಾಯವೇ. ರೈಲಿನ ಪೈಲಟು ಕೇಳುವುದು 46 ಗಂಟೆ: ಕೆಲಸ ಮುಗಿಸಿ ಬಂದಾಗಿನ 16 ಗಂಟೆ, ಅದರ ಮೇಲೆ ವಾರದ 30 ಗಂಟೆ. ರೈಲ್ವೇ ಹದಿನಾರನ್ನು ಮೂವತ್ತರ ಒಳಗೇ ನುಂಗಿಸಿ ಲೆಕ್ಕ ತೋರಿಸುತ್ತದೆ. 2024ರ ಜೂನಿನಲ್ಲಿ ದಕ್ಷಿಣ ರೈಲ್ವೇಯ ಡ್ರೈವರುಗಳು ಎರಡನ್ನೂ ಕೂಡಿಸಿ ವಿಶ್ರಾಂತಿ ತೆಗೆದುಕೊಂಡಾಗ ಕೆಲವರ ಮೇಲೆ ಶಿಸ್ತಿನ ಕ್ರಮ ಬಂತು. ಹದಿನಾರಕ್ಕೆ ಮೂವತ್ತು ಕೂಡಿಸಿದರೆ ಎಷ್ಟೆಂದು ಹೇಳುವಷ್ಟು ಲೆಕ್ಕವನ್ನು ನಾನೂ ಮಿಡ್ಲ್ ಸ್ಕೂಲಿನಲ್ಲಿ ಕಲಿತಿದ್ದೇನೆ. ರೈಲ್ವೇ ಬೋರ್ಡು ಯಾವ ಶಾಲೆಗೆ ಹೋಗಿತ್ತೋ ತಿಳಿಯದು.

ಶೌಚದ ಮಾತು ಆಡಲು ನಾಚಿಕೆಪಡಬೇಕಾದವರು ನಾವಲ್ಲ. ಹೊಸದಾಗಿ ಬರುವ ಕೆಲವು ಇಂಜಿನುಗಳಲ್ಲಿ ಶೌಚದ ಏರ್ಪಾಡಿದೆ. ಓಡುತ್ತಿರುವ ಹೆಚ್ಚಿನವುಗಳಲ್ಲಿ ಇಲ್ಲ. ಊಟಕ್ಕೆ ಮತ್ತು ದೇಹಬಾಧೆಗೆ ನಿಗದಿಯಾದ ಬಿಡುವು ಕೊಡಿ ಎಂಬ ಬೇಡಿಕೆ ಬಹುಕಾಲದ್ದು. 2025ರ ಏಪ್ರಿಲಿನಲ್ಲಿ ರೈಲ್ವೇ ಬೋರ್ಡು ತನ್ನ ಸಮಿತಿಯ ಅಭಿಪ್ರಾಯವನ್ನು ಒಪ್ಪಿಕೊಂಡು, ಅಂಥ ಬಿಡುವನ್ನು ನಿಯಮವಾಗಿ ಮಾಡುವುದು ಕಾರ್ಯಸಾಧ್ಯವಲ್ಲವೆಂದು ತೀರ್ಮಾನಿಸಿತು. ಅದೇ ಹೊತ್ತಿಗೆ ಡ್ರೈವರನ ಮುಖವನ್ನೂ ಮಾತನ್ನೂ ದಾಖಲಿಸುವ ಕ್ಯಾಮೆರಾ ಕೂಡಿಸುವುದು ಮಾತ್ರ ಕಾರ್ಯಸಾಧ್ಯವಾಯಿತು! ಅವನು ಆಕಳಿಸಿದರೆ ಕಾಣಬೇಕು. ಅವನಿಗೆ ಬಾಧೆಯಾದರೆ ಕಾಣಬಾರದು.

ನಮ್ಮ ಕಲ್ಯಾಣದಲ್ಲೇ 1989ರಲ್ಲಿ ಸಹಾಯಕ ಚಾಲಕಿಯಾಗಿ ಸೇರಿದ ಸಾತಾರೆಯ ಸುರೇಖಾ ಯಾದವ್ 1996ರಲ್ಲಿ ಮಾಲುಗಾಡಿ ಓಡಿಸಿದರು. 2025ರ ಸೆಪ್ಟೆಂಬರಿನಲ್ಲಿ ನಿವೃತ್ತರಾದರು. ಅವರಿಗೆ ಹಾರ ಹಾಕಿದ್ದು ಯೋಗ್ಯವೇ. ಆದರೆ ಅವರ ಹಿಂದೆ ಬಂದ ಹೆಣ್ಣುಮಕ್ಕಳು ಶೌಚಾಲಯವಿಲ್ಲದ ಇಂಜಿನಿನಲ್ಲಿ ಗಂಟೆಗಟ್ಟಲೆ ಕೂರಬೇಕಾದರೆ ಆ ಹಾರಕ್ಕೆ ಬೆಲೆಯೇನು? “ಮಾಲುಗಾಡಿ ಲೂಪಿನಲ್ಲಿ ಹೇಗೂ ನಿಲ್ಲುತ್ತದಲ್ಲ, ಆಗ ಇಳಿದು ಹೋಗಬಹುದು” ಎನ್ನುವವರಿಗೆ ಒಂದು ಮಾತು: ಸಿಗ್ನಲು ಯಾವ ಗಳಿಗೆಯಲ್ಲಿ ಹಸಿರಾಗುತ್ತದೋ ಯಾರಿಗೆ ಗೊತ್ತು? ಮಳೆಗಾಲದ ಕತ್ತಲಲ್ಲಿ, ಹಾವು ಹರಿಯುವ ಹುಲ್ಲಿನಲ್ಲಿ, ಇಂಜಿನು ಬಿಟ್ಟು ಇಳಿ ಎಂದು ನಿಮ್ಮ ಮಗಳಿಗೆ ಹೇಳುತ್ತೀರಾ?

ಉದ್ದದ ಗಾಡಿಗಳ ಪ್ರದರ್ಶನಕ್ಕೆ ಮಾತ್ರ ಕೊರತೆಯಿಲ್ಲ. 2022ರ ಆಗಸ್ಟ್ 15ರಂದು 295 ವ್ಯಾಗನುಗಳ ‘ಸೂಪರ್ ವಾಸುಕಿ’ ಓಡಿಸಿದರು. 2025ರ ಆಗಸ್ಟಿನಲ್ಲಿ 354 ವ್ಯಾಗನುಗಳ, ನಾಲ್ಕೂವರೆ ಕಿಲೋಮೀಟರು ಉದ್ದದ ‘ರುದ್ರಾಸ್ತ್ರ’. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾಲ್ಕೂವರೆ ಕಿಲೋಮೀಟರಿನಲ್ಲಿ ಒಂದು ಗಜದಷ್ಟು ಜಾಗ ಶೌಚಕ್ಕೆ ಹೊಂದುವುದಿಲ್ಲವೆಂದರೆ ನಂಬುವವರು ಯಾರು?

ಇನ್ನು ಅಪಘಾತವಾದರೆ? 2024ರ ಜೂನ್ 17ರಂದು ಬಂಗಾಳದ ರಂಗಾಪಾಣಿ ಬಳಿ ಮಾಲುಗಾಡಿಯೊಂದು ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಬಡಿಯಿತು. ಮಾಲುಗಾಡಿಯ ಡ್ರೈವರನೂ ಸತ್ತ. ಅವನ ಹೆಣ ಮನೆ ಸೇರುವ ಮೊದಲೇ “ಡ್ರೈವರನದೇ ತಪ್ಪು” ಎಂಬ ಮಾತು ಅಧಿಕಾರಿಗಳ ಬಾಯಿಂದ ಬಂತು. ಮುಂದಿನ ತಿಂಗಳು ರೈಲ್ವೇ ಸುರಕ್ಷಾ ಆಯುಕ್ತರ ವರದಿ ಬೇರೆಯೇ ಹೇಳಿತು. ಬೆಳಗಿನಿಂದ ಸಿಗ್ನಲು ಕೆಟ್ಟಿತ್ತು. ಕೆಂಪು ದಾಟಲು ಕೊಟ್ಟ ಚೀಟಿಯೇ ಸರಿಯಾದದ್ದಲ್ಲ. ಅದರಲ್ಲಿ ವೇಗದ ಮಿತಿ ಬರೆದಿರಲಿಲ್ಲ. ಆಗಲೆಂದೇ ಕಾದು ಕುಳಿತಿದ್ದ ಅಪಘಾತವಿದು ಎಂಬರ್ಥದ ಮಾತು ಅದರಲ್ಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇನ್ನೊಂದು ಲೆಕ್ಕ ನೋಡಿ. ಆ ವರ್ಷದ ಜನವರಿಯಲ್ಲಿ 5,696 ಸಹಾಯಕ ಡ್ರೈವರುಗಳು ಸಾಕೆಂದು ರೈಲ್ವೇ ಜಾಹೀರಾತು ಕೊಟ್ಟಿತ್ತು. ಅಪಘಾತವಾದ ಬೆನ್ನಿಗೇ ಆ ಸಂಖ್ಯೆ 18,799ಕ್ಕೆ ಏರಿತು. ಅಷ್ಟು ಜನ ಬೇಕೆಂಬುದು ಜನವರಿಯಲ್ಲಿ ಗೊತ್ತಿರಲಿಲ್ಲವೇ? ಅಷ್ಟೂ ದಿನ ಆ ಕೆಲಸವನ್ನು ಇದ್ದವರ ನಿದ್ದೆ ಕದ್ದು ನಡೆಸಿದರು ಎಂದಲ್ಲವೇ ಇದರ ಅರ್ಥ?

“ಸರಾಸರಿ ದುಡಿಮೆ ಎಂಟು ಗಂಟೆಗಿಂತ ಕಡಿಮೆ” ಎಂದು 2024ರಲ್ಲಿ ಮಂತ್ರಿಗಳು ಸಂಸತ್ತಿನಲ್ಲಿ ಹೇಳಿದರು. ಏಳು ಸಾವಿರಕ್ಕೂ ಹೆಚ್ಚು ಇಂಜಿನುಗಳಲ್ಲಿ ತಂಪು ಯಂತ್ರ ಹಾಕಿಸಿದ್ದೇವೆ ಎಂದೂ ಹೇಳಿದರು. ತಂಪು ಯಂತ್ರ ಹಾಕಿಸಿದ್ದು ಒಳ್ಳೆಯದು, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಸರಾಸರಿಯ ಮಾತು ಬೇಡ. ಹೊಳೆಯ ಸರಾಸರಿ ಆಳ ಮೊಣಕಾಲೆಂದು ನಂಬಿ ಇಳಿದವನು ನಡುಹೊಳೆಯಲ್ಲಿ ಮುಳುಗುತ್ತಾನೆ. ಒಬ್ಬನಿಗೆ ಐದು ಗಂಟೆ, ಇನ್ನೊಬ್ಬನಿಗೆ ಹನ್ನೊಂದು ಗಂಟೆ ಆದರೂ ಸರಾಸರಿ ಎಂಟೇ. ನಿದ್ದೆ ತೂಗುವುದು ಮಾತ್ರ ಹನ್ನೊಂದರವನಿಗೆ. ಕಾಗದದ ಮೇಲೆ ಸಾಧಾರಣವಾಗಿ ಒಂಬತ್ತು ಗಂಟೆ ಎಂದಿದೆ, ಜರೂರಿದ್ದರೆ ಹನ್ನೊಂದು ಎಂದಿದೆ. ಮಾಲುಗಾಡಿಗೆ ಜರೂರಿಲ್ಲದ ದಿನ ಯಾವುದು?

ನಮಗೆ ಇದು ಪರರ ಕಥೆಯಲ್ಲ. 1949ರಲ್ಲಿ ಮಂಗಳೂರಿನ ಹೋಟೆಲು ಮತ್ತು ಸಾರಿಗೆ ಕೆಲಸಗಾರರನ್ನು ಸಂಘಟಿಸಲು ಹೊರಟ ತರುಣ ಜಾರ್ಜ್ ಫರ್ನಾಂಡಿಸ್ ಆಮೇಲೆ ಈ ಮುಂಬಯಿಗೆ ಬಂದು ಟ್ಯಾಕ್ಸಿಯವರ, ಪುರಸಭೆಯವರ ನಾಯಕನಾದ. 1973ರ ಆಗಸ್ಟಿನಲ್ಲಿ ಇಂಜಿನ್ ಡ್ರೈವರುಗಳು ಮುಷ್ಕರ ಹೂಡಿ ಹತ್ತು ಗಂಟೆಯ ದುಡಿಮೆಯ ಭರವಸೆ ಪಡೆದರು. 1974ರ ಮೇ 8ರಂದು ಜಾರ್ಜರ ನಾಯಕತ್ವದಲ್ಲಿ ಸುಮಾರು 17 ಲಕ್ಷ ರೈಲ್ವೇ ಕಾರ್ಮಿಕರು ಚಕ್ರ ನಿಲ್ಲಿಸಿದರು. ಎಂಟು ಗಂಟೆಯ ದುಡಿಮೆ ಅವರ ಬೇಡಿಕೆಗಳಲ್ಲೊಂದು. ಸಾವಿರಾರು ಜನ ಜೈಲು ಕಂಡರು, ಕೆಲಸ ಕಳೆದುಕೊಂಡರು. ಮೇ 27ರಂದು ಮುಷ್ಕರ ಮುಗಿಯಿತು. ಆಗ ಸೋತೆವು ಎನ್ನುವವರಿದ್ದಾರೆ. ಅರ್ಧ ಶತಮಾನದ ಮೇಲೂ ಬೇಡಿಕೆ ಹಾಗೆಯೇ ನಿಂತಿದೆ ಎಂದು ನಾನು ಹೇಳುತ್ತೇನೆ. ಈ ನಡುವೆ ಇಂಜಿನಿನ ಅಶ್ವಶಕ್ತಿ ಹಲವು ಪಟ್ಟು ಬೆಳೆಯಿತು. ಬೆಳೆದ ಶಕ್ತಿಯ ಲಾಭ ಓಡಿಸುವವನಿಗೆ ಒಂದು ಗಂಟೆಯ ನಿದ್ದೆಯಾಗಿಯಾದರೂ ಸಿಗಬೇಡವೇ?

ಗಂಟೆಗಳ ವಿಷಯ ಈಗ ನಮ್ಮ ಬಾಗಿಲಿಗೂ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ ಅಂಗಡಿ–ಹೋಟೆಲುಗಳಂಥ ಕಡೆ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ, ಕಾರ್ಖಾನೆಗಳಲ್ಲಿ 9ರಿಂದ 12 ಗಂಟೆಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಭಟ್ಟಿಯ ಮುಂದೆ ಹತ್ತನೆಯ ಗಂಟೆ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದಿಯುವ ಎಣ್ಣೆ ಕೈಮೇಲೆ ಚೆಲ್ಲುವುದು ಮೊದಲ ಗಂಟೆಯಲ್ಲಲ್ಲ, ಕೊನೆಯ ಗಂಟೆಯಲ್ಲಿ. ದಣಿದ ಕೈಯಲ್ಲಿ ನಮ್ಮದೊಂದು ಬಾಣಲೆ. ಅವನದು 4,700 ಟನ್ನು. ಒಬ್ಬರ ಗಂಟೆ ಬೆಳೆಯುವಾಗ ಇನ್ನೊಬ್ಬರು ಸುಮ್ಮನಿದ್ದರೆ ನಾಳೆ ಸುಮ್ಮನಿದ್ದವನದೂ ಬೆಳೆಯುತ್ತದೆ.

ಕಾನೂನು ತಾನಾಗಿ ಬರುವುದಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಊರಲ್ಲೇ ಇದೆ. ಕೋಪರಖೈರಣೆಯ ಮಾಥಾಡಿ ವಸತಿಗಳನ್ನು ನೋಡಿ. ತಲೆಯ ಮೇಲೆ ಮೂಟೆ ಹೊರುವ ಹಮಾಲರಿಗೆ ಒಂದು ಕಾಲದಲ್ಲಿ ಹೇಳುವ ಕೇಳುವ ಧಣಿಯೇ ಇರಲಿಲ್ಲ. ಅಣ್ಣಾಸಾಹೇಬ ಪಾಟೀಲರಂಥವರ ಹಿಂದೆ ಅವರು ಒಟ್ಟಾಗಿ ನಿಂತರು. 1969ರಲ್ಲಿ ಮಾಥಾಡಿ ಕಾಯಿದೆ ಬಂತು. ಹಮಾಲರಿಗೆ ಆದದ್ದು ಇಂಜಿನಿನವರಿಗೆ ಏಕೆ ಆಗಬಾರದು?

ಆದ್ದರಿಂದ ನಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ನಾಲ್ಕು ಮಾತುಗಳ ನಿರ್ಣಯ ಮಾಡಿ ರೈಲ್ವೇ ಬೋರ್ಡಿಗೂ ನಮ್ಮ ಸಂಸದರಿಗೂ ಕಳಿಸಬೇಕೆಂದು ಸೂಚಿಸುತ್ತೇನೆ. ಒಂದು: ಸಹಿ ಹಾಕಿ ಹತ್ತಿದ ಗಳಿಗೆಯಿಂದ ಸಹಿ ಹಾಕಿ ಇಳಿಯುವವರೆಗೆ ಮಾಲುಗಾಡಿಯ ದುಡಿಮೆ ಎಂಟು ಗಂಟೆಗೆ ನಿಲ್ಲಬೇಕು. ಎರಡು: ಹದಿನಾರರ ಮೇಲೆ ಮೂವತ್ತು ಗಂಟೆಗಳ ವಾರದ ವಿಶ್ರಾಂತಿ ಸಿಗಬೇಕು. ಮೂರು: ಈಗ ಸತತ ನಾಲ್ಕು ರಾತ್ರಿಯವರೆಗೆ ದುಡಿಸುವ ಪದ್ಧತಿ ಹೋಗಿ ಎರಡಕ್ಕೆ ನಿಲ್ಲಬೇಕು. ನಾಲ್ಕು: ಪ್ರತಿಯೊಂದು ಇಂಜಿನಿನಲ್ಲಿ ಶೌಚಾಲಯ, ಪ್ರತಿಯೊಂದು ಪಾಳಿಯಲ್ಲಿ ಊಟದ ಬಿಡುವು ಇರಬೇಕು.

ಕಲ್ಯಾಣದಲ್ಲಿ, ಪನವೇಲಿನಲ್ಲಿ ಡ್ರೈವರುಗಳು ಧರಣಿ ಕೂತಾಗ ನಮ್ಮ ಬಾವುಟವೂ ಅಲ್ಲಿರಲಿ. ಚಹಾದ ಕೆಟಲು ನಾವೇ ಒಯ್ಯೋಣ. ಆ ಕೆಲಸ ನಮಗೆ ಚೆನ್ನಾಗಿ ಬರುತ್ತದೆ. ಇನ್ನು ಮುಂದೆ ಯಾರಾದರೂ ಮೇಜಿನ ಮುಂದೆ ಕುಳಿತು “ಡ್ರೈವರನಿಗೇನು ಕೆಲಸ?” ಎಂದರೆ ತಲೆಯಾಡಿಸಬೇಡಿ. ಚಹಾ ಕೊಡಿ, ಮರ್ಯಾದೆ ಕೊಡಿ, ಜೊತೆಗೆ ಸರಿಯಾದ ಉತ್ತರವನ್ನೂ ಕೊಡಿ.